ಹೆಸರಿಲ್ಲದ ಬಟನ್‌ಗಳು

ನನಗೆ ಕಣ್ಣಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಜನ ಕನಿಕರ ಪಡುವುದರಲ್ಲೇ ಅರ್ಧ ಹೊತ್ತು ಕಳೆಯುತ್ತಾರೆ. ಪುಣೆಯ ಒಂದು ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೇನೆ. ಬಿಡುವಿದ್ದಾಗ ಒಂದು ಸಂಸ್ಥೆಗೆ ದುಡಿಯುತ್ತೇನೆ. ಕುರುಡು ಮಕ್ಕಳು ಪರೀಕ್ಷೆಯಲ್ಲಿ ಬಾಯಲ್ಲಿ ಹೇಳಿದ್ದನ್ನು ಬರೆದುಕೊಡುವವರನ್ನು ಹೊಂದಿಸುವುದು ನಮ್ಮ ಕೆಲಸ. ಬರೆಯುವವರು ಕೆಳಗಿನ ತರಗತಿಯವರೇ ಆಗಿರಬೇಕೆಂಬ ನಿಯಮವಿದೆ, ಹಾಗಾಗಿ ಕೊನೆ ಗಳಿಗೆಯಲ್ಲಿ ಯಾರನ್ನೋ ಹಿಡಿದು ತರಲು ಆಗುವುದಿಲ್ಲ.

ಬರೆಯುವವರನ್ನು ಗೊತ್ತುಮಾಡಲು ನಮ್ಮಲ್ಲಿದ್ದ ಹಳೆಯ ಆ್ಯಪ್ ಆಫೀಸಿನ ಮೂಲೆಯ ಕಂಪ್ಯೂಟರಿನಲ್ಲಿತ್ತು. ಕರೆಂಟು ಹೋದರೆ ಅದೂ ಹೋಗುತ್ತಿತ್ತು. ಎಲ್ಲವನ್ನೂ ಕ್ಲೌಡಿಗೆ, ಅಂದರೆ ಇಂಟರ್ನೆಟ್ಟಿನ ಮೂಲಕ ಎಲ್ಲಿಂದಲೂ ಸಿಗುವ ಕಂಪ್ಯೂಟರುಗಳಿಗೆ, ಹಾಕೋಣ ಎಂದಾಗ ನಾನೂ ಒಪ್ಪಿದೆ, ಈಗಲೂ ಒಪ್ಪುತ್ತೇನೆ. ಬೆಂಗಳೂರಿನಿಂದ ಬಂದ ಎಂಜಿನಿಯರ್ ಒಬ್ಬ ಹೊಸ ಆ್ಯಪ್ ಮಾಡಿದ. ಕೋಡ್ ಬರೆಯುವ ಗೋಜಿಲ್ಲ, ಕ್ಲೌಡಿನ ಟೂಲಿನಲ್ಲಿ ಚಿತ್ರಗಳನ್ನು ಎಳೆದು ಕೂಡಿಸಿದರೆ ಆಯಿತಂತೆ. ಉದ್ಘಾಟನೆಯ ದಿನ ಅದನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದರು. ಕುರುಡರ ಸಂಸ್ಥೆಯಲ್ಲಿ, ಗೋಡೆಯ ಮೇಲೆ! ಕಣ್ಣಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನು ನನ್ನ ಫೋನಿನಲ್ಲಿ ತೆರೆದು ಬೆರಳಾಡಿಸಿದೆ. ಪರದೆಯನ್ನು ಓದಿ ಹೇಳುವ ದನಿ ಹೇಳಿದ್ದು ಇಷ್ಟೇ: ಬಟನ್. ಬಟನ್. ಬಟನ್. ಆ ದನಿ ಓದಬಲ್ಲ ಹೆಸರನ್ನು ಯಾವ ಬಟನ್ನಿನ ಚಿತ್ರಕ್ಕೂ ಆತ ಕೊಟ್ಟಿರಲಿಲ್ಲ.

"ಹೆಸರು ಹಾಕಪ್ಪಾ, ಯಾವುದು ಏನು ಅಂತ ನಮಗ ಗೊತ್ತಾಗೂದಿಲ್ಲ," ಅಂದೆ.

"ನೆಕ್ಸ್ಟ್ ರಿಲೀಸ್‌ನಲ್ಲಿ ಮಾಡ್ತೀನಿ ಮೇಡಂ. ಈಗ ಡಿಸೈನ್ ತುಂಬಾ ಕ್ಲೀನ್ ಆಗಿದೆ."

ಕ್ಲೀನ್ ಅಂತೆ. ಮರುವಾರವೇ ಹಳೆಯದನ್ನು ಬಂದ್ ಮಾಡಿದರು.

ಪುಣೆ ಹತ್ತಿರದ ತಳೇಗಾಂವದಲ್ಲಿ ಬೆಳಗಾವಿ ಕಡೆಯ ಒಬ್ಬ ಹುಡುಗಿ ಇದ್ದಾಳೆ, ಬಿ.ಎ. ಕೊನೆಯ ವರ್ಷ, ಅವಳಿಗೂ ಕಣ್ಣಿಲ್ಲ. ಇತಿಹಾಸದ ಪರೀಕ್ಷೆಗೆ ಬರೆಯುವವರು ನಿಗದಿಯಾಗಿದ್ದರು. ಎಷ್ಟು ಗಂಟೆಗೆ ಬರುತ್ತಾರೆಂದು ತಿಳಿಯಲು ಆ್ಯಪ್ ತೆರೆದು ಒಂದು ಬಟನ್ ಒತ್ತಿದಳು. ಅದು ರದ್ದು ಮಾಡುವ ಬಟನ್. ಪರೀಕ್ಷೆಯ ದಿನ ಬೆಳಿಗ್ಗೆ ಯಾರೂ ಬರಲಿಲ್ಲ. ಮೇಲ್ವಿಚಾರಕಿ ಪ್ರಶ್ನೆಗಳನ್ನು ಓದಿ ಹೇಳಿದರು, ಉತ್ತರ ಬರೆದುಕೊಡಲು ಅವರಿಗೆ ಅನುಮತಿ ಇರಲಿಲ್ಲ. ಹುಡುಗಿ ಮೂರು ತಾಸು ಖಾಲಿ ಹಾಳೆಯ ಮುಂದೆ ಕೂತು ಬಂದಳು. ಆ ಒಂದು ಪೇಪರಿಗಾಗಿ ಡಿಗ್ರಿ ನಿಂತಿತು, ಬಿ.ಎಡ್. ಸೀಟೂ ಕೈತಪ್ಪಿತು.

ಅವಳನ್ನು ಕರೆದುಕೊಂಡೇ ಆಫೀಸಿಗೆ ನುಗ್ಗಿದೆ. ಎಂಜಿನಿಯರ್ ಕೀಬೋರ್ಡ್ ಕುಟ್ಟುತ್ತಲೇ ಇದ್ದ.

"ಯಾರು ಏನು ಒತ್ತಿದ್ರು ಅನ್ನೋ ಲಾಗ್ ಎಲ್ಲಾ ಕ್ಲೌಡ್‌ನಲ್ಲಿ ಸೇವ್ ಆಗಿದೆ ಮೇಡಂ. ಕ್ಯಾನ್ಸಲ್ ಒತ್ತಿರೋದು ಅವ್ರೇ," ಅಂದ.

ದನಿಯಲ್ಲಿ ಹೆಮ್ಮೆ ಬೇರೆ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ, ಅದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಹುಡುಗಿ ನನ್ನ ಕೈ ಒತ್ತಿ ಸುಮ್ಮನಾಗಿಸಿದಳು.

"ನೀವು ಭಾಳ ಲಗೂ ಟೈಪ್ ಮಾಡ್ತೀರಿ ಸರ್," ಅಂದಳು. "ಆ ಪೇಪರಿನ ಒಂದನೇ ಪ್ರಶ್ನೆದ ಉತ್ತರ ಹೇಳ್ತೀನಿ, ಬರಕೊಳ್ರಿ."

ಪರೀಕ್ಷೆಯಲ್ಲಿ ಹೇಳುವ ಹಾಗೆಯೇ ನಿಧಾನವಾಗಿ, ಪೂರ್ಣವಿರಾಮ ಸಮೇತ ಹೇಳತೊಡಗಿದಳು. ಕೀಬೋರ್ಡಿನ ಸದ್ದು ನಿಂತಿತು. ಎರಡನೇ ಉತ್ತರಕ್ಕೆ ಬಂದಾಗಲೂ ಅವನು ಬರೆದುಕೊಳ್ಳಲಿಲ್ಲ, ಅವಳೂ ನಿಲ್ಲಿಸಲಿಲ್ಲ.