ಶಾವಂತ್ರವ್ವನ ಮೂರು ವಹಿಗಳು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಕ್ಕವನು ನಾನು. ಇದು ನನಗೇ ಆದದ್ದು. ನಂಬಿ ಎಂದು ಒತ್ತಾಯಿಸುವುದಿಲ್ಲ.

ಆಗ ದೂರದ ಊರಿನ ಒಂದು ಸಂಗ್ರಹಾಲಯಕ್ಕಾಗಿ ಅಥಣಿ, ರಾಯಬಾಗ ಕಡೆಯ ಹಳೆಯ ಕಲಾವಿದರ ಕಾಗದಪತ್ರ ಕೂಡಿಸುತ್ತಿದ್ದೆ. ಕೊಕಟನೂರಿನ ಶಾವಂತ್ರವ್ವ ಸಣ್ಣಾಟವೆಂಬ ಬಯಲಾಟದಲ್ಲಿ ರಾಣಿಯಾಗಿ, ಗೊಲ್ಲತಿಯಾಗಿ ನಲವತ್ತು ವರ್ಷ ಹಾಡಿ ಕುಣಿದವರು. ಓದು ಬಾರದು. ಮೇಳದ ಮಾಸ್ತರರು ಅವರ ಹಾಡಿನ ಪದಗಳನ್ನೆಲ್ಲ ನೋಟುಬುಕ್ಕುಗಳಲ್ಲಿ ಬರೆದುಕೊಟ್ಟಿದ್ದರು; ಆ ಮೂರು ವಹಿಗಳನ್ನು ಶಾವಂತ್ರವ್ವ ಸೀರೆಯ ಟ್ರಂಕಿನಲ್ಲಿ ಜೋಪಾನ ಮಾಡಿದ್ದರು. ಕೊಡಲು ಅವರಿಗೆ ಮನಸ್ಸಿರಲಿಲ್ಲ. "ಇಲ್ಲಿದ್ರ ಇಲಿ ತಿಂತಾವ ಯವ್ವಾ, ನಮ್ಮಲ್ಲಿ ನೂರು ವರ್ಷ ಇರತಾವ" ಎಂದು ಪುಸಲಾಯಿಸಿ ತಂದವನು ನಾನೇ.

ಮುಂದಿನ ಮಳೆಗಾಲದ ಒಂದು ಬೆಳಗ್ಗೆ ಅವರು ಬಸ್ಸು ಹತ್ತಿ ಅಥಣಿಯ ನಮ್ಮ ಮನೆಗೆ ಬಂದರು.

"ಸಾಹೇಬ್ರ, ನನ್ನ ವಹಿ ಎಲ್ಲದಾವ್ರಿ?"

"ಕಪಾಟಿನ್ಯಾಗ ಭದ್ರ ಅದಾವ ಯವ್ವಾ."

"ಇಲ್ರಿ. ನಿನ್ನಿ ಸಂಜಿಯಿಂದ ಪದ ಹೋಗ್ಯಾವ. ಬಾಯಿ ತೆಗದ್ರ ತೋಯ್ದ ಕಾಗದ ಅಗದಂಗ ಆಗತೈತಿ."

ಹಾಡಿಸಿ ನೋಡಿದೆ. ರಾಣಿಯ ಪಾತ್ರದ ಒಂದು ಸಾಲೂ ಬರಲಿಲ್ಲ. ಗೊಲ್ಲತಿಯ ಪದಗಳನ್ನು ಮಾತ್ರ ಅಕ್ಷರ ತಪ್ಪದೆ ಹಾಡಿದರು. ವಯಸ್ಸಿನ ಮರೆವು ಅಂದುಕೊಂಡೆ. ಸಮಾಧಾನಕ್ಕೆಂದು ಅಂದೇ ಸಂಗ್ರಹಾಲಯಕ್ಕೆ ಹೋದೆ.

ಕೋಣೆಯ ಕೀಲಿಯನ್ನು ನನ್ನೆದುರೇ ತೆಗೆದರು. ವಹಿಗಳು ಕಪಾಟು ಕಂಡೇ ಇರಲಿಲ್ಲ. ತಂದಿಟ್ಟ ದಿನದಿಂದ ನೆಲದ ಮೇಲೇ ಇದ್ದವು. "ನಿನ್ನಿ ಸಂಜೀಮುಂದ ಮ್ಯಾಲಿನ ನೀರಿನ ಟಾಕಿ ಒಡೀತ್ರಿ" ಎಂದ ಕಾವಲುಗಾರ. ಕೆಳಗಿನ ಎರಡು ವಹಿಗಳು ನೆನೆದು ಮುದ್ದೆಯಾಗಿದ್ದವು, ಶಾಯಿ ಪೂರ್ತಿ ಹರಿದುಹೋಗಿತ್ತು. ಮೇಲಿನದೊಂದು ಒಣಗಿಯೇ ಇತ್ತು. ತೆರೆದೆ. ಗೊಲ್ಲತಿಯ ಪದಗಳು.

ಅಧಿಕಾರಿಗೆ ತೋರಿಸಿದೆ. "ದಾಖಲೆದಾಗ ನೋಂದ ಆಗೈತಿಲ್ರಿ, ಸಾಕು ಬಿಡ್ರಿ. ಇಷ್ಟೆಲ್ಲ ರದ್ದಿ ಎಲ್ಲಿ ಇಡೂದು?" ಅಂದರು. ಉಳಿದದ್ದನ್ನಾದರೂ ಹಿಂದಿರುಗಿಸೋಣವೆಂದರೆ ನಿಯಮವಿಲ್ಲವಂತೆ. ಅದನ್ನು ಅಂಗಿಯೊಳಗೆ ತುರುಕಿಕೊಂಡು ಹೊರಬಿದ್ದೆ. ಆ ಕೆಲಸಕ್ಕೆ ಮತ್ತೆ ಹೋಗಲಿಲ್ಲ.

ಕೊಕಟನೂರಿನಲ್ಲಿ ಶಾವಂತ್ರವ್ವ ವಹಿ ಇಸಿದುಕೊಂಡರು. ಕೂತುಕೊಳ್ಳಿ ಅನ್ನಲಿಲ್ಲ. "ಎರಡು ಎಲ್ಲಿ?" ಎಂದೂ ಕೇಳಲಿಲ್ಲ. ಹೊಸ್ತಿಲಲ್ಲಿ ನಿಂತು, "ನಿಮ್ಮನ್ನ ನಂಬಿದ್ನಿರಿ" ಅಂದರು, ಅಷ್ಟೇ.

ಅವರು ತೀರಿಕೊಳ್ಳುವವರೆಗೂ ರಾಣಿಯ ಒಂದು ಪದವೂ ಮರಳಿ ಬರಲಿಲ್ಲವೆಂದು ಕೇಳಿದ್ದೇನೆ. ಓದಲು ಬಾರದ ಹೆಂಗಸಿನ ಕೊರಳಿಗೂ, ದೂರದ ಊರಿನಲ್ಲಿ ಕೀಲಿ ಹಾಕಿದ ಕೋಣೆಗೂ ಏನು ನಂಟು? ನನಗಿನ್ನೂ ತಿಳಿದಿಲ್ಲ. ಸಂಗ್ರಹಾಲಯದ ದಾಖಲೆಯಲ್ಲಿ ಮಾತ್ರ ಇವತ್ತಿಗೂ ಹೀಗಿದೆ: ಮೂರು ವಹಿಗಳು, ಸುಸ್ಥಿತಿಯಲ್ಲಿವೆ.