ಕ್ಯಾಚ್ ಹಿಡಿದ ಮೇಲೂ ಬಂದ ರನ್

ಜರ್ಮನಿಯ ಬೊಬ್ಲಿಂಗೆನ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಡೇಟಾ ಎಂಜಿನಿಯರ್ ಆಗಿ ಸೇರಿ ಅದು ಆರನೇ ವರ್ಷ. ಹಳೆಯ ಕಾಗದದ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ ಅವುಗಳಲ್ಲಿನ ತಪ್ಪು ಹುಡುಕುವುದು ನನ್ನ ಕೆಲಸ. ಇದೇ ಕಸುಬಾದವನಿಗೆ ತಾನೂ ತಪ್ಪಬಹುದು ಎಂಬುದು ಬೇಗ ಮರೆತುಹೋಗುತ್ತದೆ. ನನಗಂತೂ ಪೂರ್ತಿ ಮರೆತಿತ್ತು.

ಆ ಬೇಸಿಗೆಯಲ್ಲಿ ಊರಿನ ಬೇಸ್‌ಬಾಲ್ ಕ್ಲಬ್ಬು ತನ್ನ ಹಳೆಯ ಸ್ಕೋರ್‌ಶೀಟುಗಳನ್ನು ಡಿಜಿಟಲ್ ಮಾಡಿಕೊಡಿ ಎಂದು ಕೇಳಿತು. ಕೆಲಸ ಮೈಸೂರಿನವನಾದ ನನ್ನ ಮತ್ತು ದಾವಣಗೆರೆಯ ಇಮ್ರಾನ್‌ನ ಪಾಲಿಗೆ ಬಂತು. ಇಬ್ಬರೂ ಭಾನುವಾರ ತಪ್ಪದೆ ಕ್ರಿಕೆಟ್ ಆಡುವವರು. ಬೇಸ್‌ಬಾಲ್ ಎಂದರೆ ಕ್ರಿಕೆಟ್ಟಿನ ಚಿಕ್ಕಪ್ಪನ ಮಗ, ಅದರಲ್ಲೇನು ಮಹಾ ಎಂಬ ಧೈರ್ಯ ನಮ್ಮದು.

ಆ ಕಟ್ಟಿನಲ್ಲಿ ಕ್ಲಬ್ಬಿನವರು ಜೋಪಾನವಾಗಿ ಇಟ್ಟುಕೊಂಡಿದ್ದ ಶೀಟು ಒಂದೇ. ಐವತ್ತು ವರ್ಷಗಳ ಹಿಂದೆ ಪಕ್ಕದೂರಿನ ತಂಡವನ್ನು 24–23ರಲ್ಲಿ ಸೋಲಿಸಿದ ಪಂದ್ಯದ್ದು. ಬೇಸ್‌ಬಾಲಿನಲ್ಲಿ ಒಂದು ತಂಡ ಹತ್ತು ರನ್ ಗಳಿಸಿದರೇ ಹಬ್ಬ. ಅದನ್ನು ಬರೆದ ಸ್ಕೋರರ್ ಫ್ರೌ ಕೆಲ್ಲರ್, ಅಂದರೆ ಶ್ರೀಮತಿ ಕೆಲ್ಲರ್; ಆಗ ಇಪ್ಪತ್ತೆರಡರ ಹುಡುಗಿ, ಈಗ ಎಪ್ಪತ್ತೆರಡರ ಅಜ್ಜಿ. ಆಕೆ ತಮ್ಮೂರಿಗೆ ಬೇಕೆಂದೇ ರನ್ ಜಾಸ್ತಿ ಬರೆದರು ಎಂದು ಸೋತವರು ಅಂದಿನಿಂದಲೂ ಆಡಿಕೊಳ್ಳುತ್ತಿದ್ದರು. ಕಂಪ್ಯೂಟರ್ ಎಣಿಸಿದ ಮೇಲಾದರೂ ಆ ಮಾತು ನಿಲ್ಲುತ್ತದೆಂದು ಫ್ರೌ ಕೆಲ್ಲರ್ ಕಾದಿದ್ದರು.

ನಮ್ಮ ಪ್ರೋಗ್ರಾಂ ಶೀಟಿನ ಗುರುತುಗಳನ್ನು ಓದಿ, ಆಟವನ್ನು ಮೊದಲಿನಿಂದ ಆಡಿಸಿ, ನಿಯಮಕ್ಕೆ ಹೊಂದದ ರನ್ನುಗಳನ್ನು ತೆಗೆದುಹಾಕುತ್ತಿತ್ತು. ನಿಯಮಗಳನ್ನು ಬರೆದವನು ನಾನೇ. ಉತ್ತರ 22–22 ಎಂದು ಬಂತು! ನೋಡಿದರೆ ಮೂರು ಕಡೆ ಚೆಂಡು ಕ್ಯಾಚ್ ಆಗಿದ್ದರೂ ರನ್ ಬರೆಯಲಾಗಿತ್ತು. ಗೆಲುವಿನ ಕೊನೆಯ ರನ್ನೂ ಅಂಥದ್ದೇ.

ಇಮ್ರಾನ್ ನಕ್ಕುಬಿಟ್ಟ. "ಲೇ ಮಗಾ, ಕ್ಯಾಚ್ ಹಿಡಿದ್ಮ್ಯಾಲೆ ರನ್ ಎಲ್ಲಿಂದ ಬರ್ತತಿ? ಅಜ್ಜಿ ಭರ್ಜರಿ ಬರ್ಕಂಡಾರೆ ನೋಡು!"

"ಬಿಡು ಗುರು, ಅಷ್ಟೊಂದು ರನ್ ಎಣಿಸಿ ಎಣಿಸಿ ಸುಸ್ತಾಗಿರ್ತಾರೆ, ಪಾಪ" ಎಂದು ನಾನು ದೊಡ್ಡ ಮನಸ್ಸು ತೋರಿಸಿದೆ. 'ಸ್ಕೋರರ್ ತಪ್ಪು, ಸರಿಪಡಿಸಲಾಗಿದೆ' ಎಂದು ಟಿಪ್ಪಣಿಯನ್ನೂ ಹಾಕಿ, ಮೂರೂ ಗುರುತುಗಳನ್ನು ಕೆಂಪಾಗಿಸಿದೆ.

ಶನಿವಾರ ಮಧ್ಯಾಹ್ನ ಕ್ಲಬ್ಬಿನ ಹಾಲ್‌ನಲ್ಲಿ ಕಾಫಿ, ಪ್ಲಮ್ ಕೇಕು, ಎರಡೂ ಊರಿನ ಹಳಬರು. ಪರದೆಯ ಮೇಲೆ 22–22 ಮೂಡಿದ್ದೇ ತಡ, ಪಕ್ಕದೂರಿನವರು ಮೇಜು ಕುಟ್ಟಿ ಕೂಗಿದರು. ಫ್ರೌ ಕೆಲ್ಲರ್ ಮುಖ ಬಿಳಿಚಿಕೊಂಡಿತು. ಅವರು ಕನ್ನಡಕ ಹಾಕಿಕೊಂಡು ಕೆಂಪು ಗುರುತುಗಳನ್ನು ಎರಡು ಸಲ ನೋಡಿದರು. ಆಮೇಲೆ ಎದ್ದು, "ನೀವಿಬ್ಬರೂ ಮೈದಾನಕ್ಕೆ ಬನ್ನಿ" ಎಂದರು.

ನನ್ನನ್ನು ಓಟದ ಕೊನೆಯ ನಿಲ್ದಾಣವಾದ ಮೂರನೇ ಬೇಸಿನ ಮೇಲೆ ನಿಲ್ಲಿಸಿದರು. ಅಲ್ಲಿಂದ ಓಡಿ, ಚೆಂಡು ಹೊಡೆಯುವ ಜಾಗವಾದ 'ಹೋಮ್' ಮುಟ್ಟಿದರೆ ಒಂದು ರನ್. ಇಮ್ರಾನ್ ದೂರದಲ್ಲಿ ನಿಂತ. ಹಳೆಯ ಆಟಗಾರರೊಬ್ಬರು ಚೆಂಡನ್ನು ಎತ್ತರಕ್ಕೆ ಹೊಡೆದರು, ಇಮ್ರಾನ್ ಸಲೀಸಾಗಿ ಹಿಡಿದ.

"ಓಡಿ!" ಎಂದು ಫ್ರೌ ಕೆಲ್ಲರ್ ಕೂಗಿದರು. ನಾನು ಅಲುಗಲಿಲ್ಲ.

"ಔಟ್ ಆಯಿತಲ್ಲ?"

"ಔಟ್ ಆಗಿದ್ದು ಹೊಡೆದವರು, ನೀವಲ್ಲ! ಕ್ಯಾಚ್ ಹಿಡಿದ ಮೇಲೆ ನೀವು ಓಡಬಹುದು. ಇದೇ ಸ್ಯಾಕ್ರಿಫೈಸ್ ಫ್ಲೈ. ಓಡಿ!"

ಓಡಿದೆ. ಕಾಲು ಜಾರಿ ಹೋಮ್ ಮೇಲೆಯೇ ಬೋರಲು ಬಿದ್ದೆ. ಎರಡೂ ಊರಿನವರು ಬಿದ್ದು ಬಿದ್ದು ನಕ್ಕರು. ನಿಯಮಪುಸ್ತಕವನ್ನು ನಾನು ಓದಿರಲಿಲ್ಲವೆಂದಲ್ಲ. ಕ್ಯಾಚಿನ ಭಾಗವನ್ನು ಮಾತ್ರ, ಇದು ಗೊತ್ತಿರುವುದೇ ಎಂದು ಹಾರಿಸಿದ್ದೆ.

ಅಲ್ಲೇ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ನಿಯಮ ತಿದ್ದಿ ಮತ್ತೆ ಆಡಿಸಿದೆ. 24–23. ಪಕ್ಕದೂರಿನವರು ಗೊಣಗಿಕೊಂಡೇ ಚಪ್ಪಾಳೆ ತಟ್ಟಿದರು. ಎಲ್ಲರೆದುರು ಫ್ರೌ ಕೆಲ್ಲರ್ ಅವರ ಕ್ಷಮೆ ಕೇಳಿದೆ.

ಅವರು ಒಳಗಿನಿಂದ ಮೂಲ ಶೀಟನ್ನೇ ತಂದು ಮುಂದಿಟ್ಟರು. ಕೆಳಗೆ ಇಬ್ಬರು ಸ್ಕೋರರ್‌ಗಳ ಸಹಿಗೆ ಜಾಗವಿತ್ತು. ಒಂದು ಖಾಲಿ. ಎದುರು ತಂಡದ ಸ್ಕೋರರ್ ಒಂಬತ್ತು ಇನಿಂಗ್ಸಿನ ಆಟದ ಏಳನೆಯದರಲ್ಲೇ ಬೇಸತ್ತು ಬಿಯರ್ ಕುಡಿಯಲು ಹೋಗಿದ್ದನಂತೆ.

"ಕೊನೆಯವರೆಗೂ ಪರೀಕ್ಷಿಸಿದವರು ನೀವೊಬ್ಬರೇ" ಎಂದು ಪೆನ್ಸಿಲ್ ಕೊಟ್ಟರು. "ಐವತ್ತು ವರ್ಷದಿಂದ ನನ್ನದು ಒಂಟಿ ಸಹಿ."

ಈ ಕಸುಬಿನಲ್ಲಿ ಎಷ್ಟೋ ಫೈಲುಗಳಿಗೆ ಒಪ್ಪಿಗೆ ಹಾಕಿದ್ದೇನೆ. ಪೆನ್ಸಿಲ್ಲಿನಿಂದ ಹಾಕಿದ್ದು ಅದೊಂದಕ್ಕೇ. ಕನ್ನಡದಲ್ಲೇ ಸಹಿ ಮಾಡಿದೆ. 'ತಪ್ಪು' ಎಂದು ಬರೆಯುವ ಮುನ್ನ, ಬರೆದವರು ಬದುಕಿದ್ದರೆ ಹೋಗಿ ಅವರನ್ನು ಕೇಳಬೇಕು ಎಂಬುದನ್ನು ನಾನು ಕಲಿತದ್ದು ಆ ಮೈದಾನದಲ್ಲಿ, ಮೊಣಕಾಲು ತರಚಿಕೊಂಡು.