ಆಶಾ ಕಾರ್ಯಕರ್ತೆಗೆ ನಮ್ಮ ಗೇಟಿನಲ್ಲಿ ಎಂಟ್ರಿ ಇಲ್ಲ

ಹೋದ ವಾರ ನಾನು ಆರೋಗ್ಯ ಇಲಾಖೆಯನ್ನೇ ರಿಜೆಕ್ಟ್ ಮಾಡಿದೆ. ಒಂದು ಬೆರಳು ಸಾಕಾಯಿತು.

ಯಲಹಂಕದ ನಮ್ಮ ಅಪಾರ್ಟ್‌ಮೆಂಟಿಗೆ ಯಾರೇ ಬಂದರೂ ಗೇಟಿನಿಂದ ನಮ್ಮ ಮೊಬೈಲಿಗೆ ರಿಕ್ವೆಸ್ಟ್ ಬರುತ್ತದೆ. ಒಪ್ಪಿದರೆ ಒಳಗೆ, ಇಲ್ಲವಾದರೆ ವಾಪಸ್. ‘ಮಂಜುಳಾ, ಸರ್ವೆ’ ಎಂದು ಬಂತು. ವಾಟರ್ ಫಿಲ್ಟರ್ ಮಾರುವವರಿರಬೇಕು ಎಂದುಕೊಂಡು ರಿಜೆಕ್ಟ್ ಒತ್ತಿದೆ. ಎರಡು ದಿನ ಬಿಟ್ಟು ಮತ್ತೆ ಬಂತು. ಮತ್ತೆ ಒತ್ತಿದೆ.

ಮೂರನೇ ಸಲ ಅವರು ಬಂದಾಗ ನಾನು ತರಕಾರಿ ಚೀಲ ಹಿಡಿದು ಗೇಟಿನಲ್ಲೇ ಇದ್ದೆ. ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ. ಕೈಯಲ್ಲಿ ಟಾರ್ಚು, ರಿಜಿಸ್ಟರು. ಎದುರಿಗೆ ನಮ್ಮ ಅಸೋಸಿಯೇಷನ್ ಸೆಕ್ರೆಟರಿ.

‘ಅಪ್ರೂವಲ್ ಇಲ್ದೆ ಬಿಡಕ್ಕಾಗಲ್ಲ ಕಣ್ರೀ. ರೂಲ್ಸ್ ಅಂದ್ರೆ ರೂಲ್ಸ್.’

‘ಸಾರ್, ಹಿಂದ್ಗಡೆ ಶೀಟ್ ಮನೇಲಿ ಶೋಭಾ ಅಂತ ಇದಾರಲ್ಲ, ಅವ್ರ ಮಗಳಿಗೆ ಡೆಂಗಿ. ಐಸಿಯುನಲ್ಲಿದೆ ಮಗು. ಸುತ್ತ ಇರೋ ಮನೆಗಳೆಲ್ಲಾ ನೋಡ್ಲೇಬೇಕು. ಪಿಜ್ಜಾ ತರೋನ್ನ ಬಿಡ್ತೀರ, ನನ್ನ ಬಿಡಲ್ವಾ?’

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಶೋಭಾ ನಮ್ಮ ಮನೆಯ ಅಡುಗೆಯವಳು. ಮಗಳಿಗೆ ಡೆಂಗಿ ಜ್ವರ ಎಂದಾಗ ‘ವಾಸಿಯಾಗೋವರೆಗೂ ಬರ್ಬೇಡ’ ಎಂದವಳು ನಾನೇ. (ನಮಗೆ ಅಂಟೀತು ಎಂದು! ಡೆಂಗಿ ಸೊಳ್ಳೆಯಿಂದ ಬರುತ್ತದೆಂದು ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು.)

‘ನನ್ನ ಗೆಸ್ಟು’ ಎಂದು ಹೇಳಿ ಮಂಜುಳಾ ಅವರನ್ನು ಮೇಲೆ ಕರೆದೊಯ್ದೆ. ಬಾಲ್ಕನಿಯ ಹೂಕುಂಡದ ಕೆಳಗಿನ ತಟ್ಟೆಗೆ ಅವರು ಟಾರ್ಚ್ ಬಿಟ್ಟರು. ನಿಂತ ನೀರಿನಲ್ಲಿ ಮರಿಹುಳುಗಳು ಕುಣಿಯುತ್ತಿದ್ದವು.

‘ಲಾರ್ವಾ ಮೇಡಂ. ವಾರಕ್ಕೊಂದ್ಸಲ ನೀರು ಚೆಲ್ಲಿದ್ರೆ ಸಾಕಿತ್ತು’ ಎಂದರು. ಬೈಯಲಿಲ್ಲ. ಬೈಯಬೇಕಿತ್ತು.

ಸಾಂಕ್ರಾಮಿಕ ರೋಗ ಎದುರಿಸಲು ವ್ಯವಸ್ಥೆ ಸಜ್ಜಾಗಿದೆ ಎಂದು ಪ್ರತಿ ಮಳೆಗಾಲ ಒಂದು ಹೇಳಿಕೆ ಬರುತ್ತದೆ. ಯಾವ ವ್ಯವಸ್ಥೆ ಸ್ವಾಮಿ? ಇಷ್ಟು ದೊಡ್ಡ ಏರಿಯಾಗೆ ಟಾರ್ಚು ಹಿಡಿದ ಒಬ್ಬ ಹೆಂಗಸು! ಅವರೇ ಜ್ವರ ಬಂದು ಮಲಗಿದರೆ ಬದಲಿಗೆ ಯಾರು ಎಂದು ಕೇಳಿದೆ. ನಕ್ಕುಬಿಟ್ಟರು. ಇರುವ ಆ ಒಬ್ಬರನ್ನೂ ಬಿಸಿಲಲ್ಲಿ ನಿಲ್ಲಿಸಿ ವಾಪಸ್ ಕಳಿಸುತ್ತೇವೆ. ಸಂಜೆ ವಾಟ್ಸಾಪ್ ಗ್ರೂಪಿನಲ್ಲಿ ‘ಸರ್ಕಾರ ಏನ್ ಕತ್ತೆ ಕಾಯ್ತಿದ್ಯಾ?’ ಎಂದು ಬರೆಯುವವರೂ ನಾವೇ. ನಾಚಿಕೆಯಾಗಬೇಕು ನಮಗೆ.

ನಿನ್ನೆ ಶೋಭಾ ಫೋನ್ ಮಾಡಿದ್ದಳು. ಮಗಳನ್ನು ಐಸಿಯುನಿಂದ ವಾರ್ಡಿಗೆ ತಂದಿದ್ದಾರಂತೆ. ಆಮೇಲೆ ಹೆದರುತ್ತಲೇ ಕೇಳಿದಳು: ‘ಅಕ್ಕಾ, ನಮ್ಮಿಂದ ನಿಮ್ಮನೇಲಿ ಯಾರ್ಗೂ ಏನೂ ಅಂಟಿಲ್ಲ ತಾನೆ?’

ಸೊಳ್ಳೆ ಹಾರಿದ್ದು ನಮ್ಮ ಬಾಲ್ಕನಿಯಿಂದ ಅವಳ ಮನೆಗೆ ಎಂದು ಯಾವ ಬಾಯಲ್ಲಿ ಹೇಳಲಿ?